ಸೋಸಲೆಗೆ ತಲುಪದ ಟಿಕೆಟ್

ನಾನು ಕೆಲಸಕ್ಕಿದ್ದ ಅಂಗಡಿಯ ಯಜಮಾನರ ಬಲಗೈ ಹೆಬ್ಬೆರಳು ಸದಾ ಕೆಂಪಗಿರುತ್ತಿತ್ತು. ಆಗಿನ ವಿಮಾನದ ಟಿಕೆಟ್ ಎಂದರೆ ಚೆಕ್ ಪುಸ್ತಕದಂಥ ಸಣ್ಣ ಪುಸ್ತಕ; ಹಾಳೆಗಳ ಬೆನ್ನಿಗೆ ಕೆಂಪು ಕಾರ್ಬನ್. ಮೈಸೂರಿನ ದೊಡ್ಡ ಏಜೆನ್ಸಿಯಿಂದ ಬಂದ ಪ್ರತಿ ಟಿಕೆಟ್ಟನ್ನೂ ಅವರು ಹಾಳೆ ಹಾಳೆ ತಿರುವಿ, ಹೆಸರಿನ ಮೇಲೆ ಬೆರಳಿಟ್ಟು ಓದುತ್ತಿದ್ದರು. ನಂಜನಗೂಡಿನ ಬಸ್ ನಿಲ್ದಾಣದ ಹತ್ತಿರ ಅವರದೊಂದು ಟ್ರಾವೆಲ್ಸ್. ಅಲ್ಲಿ ಕೆಲಸಕ್ಕಿದ್ದವಳು ನಾನೊಬ್ಬಳೇ, ಬಿ.ಕಾಂ. ಮುಗಿಸಿದ ಹೊಸತು.

ಟಿಕೆಟ್ಟನ್ನು ಅವರು ಮೇಜಿನ ಮೇಲಿಟ್ಟು ತಳ್ಳಿದ್ದನ್ನು ನಾನು ಕಾಣೆ. ಎರಡೂ ಕೈಯಲ್ಲಿ ಕೊಟ್ಟು, ಹೊರಡುವ ದಿನ ಮತ್ತು ಹೊತ್ತನ್ನು ಪ್ರಯಾಣಿಕರ ಬಾಯಲ್ಲೇ ಹೇಳಿಸುತ್ತಿದ್ದರು. "ಪಾಸ್‌ಪೋರ್ಟು, ಟಿಕೆಟ್ಟು ಒಂದೇ ಚೀಲದಲ್ಲಿ ಇಡಬೇಡಿ ಕಣ್ರೀ" ಎಂಬುದು ಅವರ ಕೊನೆಯ ಮಾತು. ಬರಲಾಗದವರ ಮನೆಗೆ ತಾವೇ ಬಸ್ಸಿನಲ್ಲಿ ಹೋಗಿ ಕೊಟ್ಟು ಬರುತ್ತಿದ್ದರು.

ಒಮ್ಮೆ ಅವರಿಗೆ ಜ್ವರ. ಸೋಸಲೆಯ ಒಬ್ಬ ನರ್ಸ್‌ಗೆ ಮಸ್ಕತ್ತಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು, ಹೊರಡಲು ಐದೇ ದಿನವಿತ್ತು. ಟಿಕೆಟ್ಟಿನ ಕವರನ್ನು ನನ್ನ ಕೈಗಿತ್ತು ಕಳಿಸಿದರು. ಟಿ. ನರಸೀಪುರದಲ್ಲಿ ಬಸ್ ಬದಲಿಸಬೇಕಿತ್ತು. ಇಳಿದಾಗ ಜೊತೆಯಲ್ಲಿ ಓದಿದ ಗೆಳತಿಯೊಬ್ಬಳು ಸಿಕ್ಕಿದಳು, ಮಾತಾಡುತ್ತ ಕಬ್ಬಿನ ಹಾಲು ಕುಡಿದೆ. ಸೋಸಲೆಯಲ್ಲಿ ಇಳಿದಾಗ ಕೈಯಲ್ಲಿ ಕವರಿರಲಿಲ್ಲ. ವಾಪಸ್ ಓಡಿದೆ. ಕಬ್ಬಿನ ಹಾಲಿನ ಅಂಗಡಿ, ಕಲ್ಲುಬೆಂಚು, ನಿಲ್ದಾಣದ ಮೂಲೆಮೂಲೆ ಹುಡುಕಿದರೂ ಸಿಗಲಿಲ್ಲ.

ಏನು ಮಾಡಲೂ ತೋಚದೆ ಮತ್ತೆ ಸೋಸಲೆಗೆ ಹೋಗಿ ನರ್ಸ್ ಮನೆ ಹುಡುಕಿದೆ. ಅವಳಿರಲಿಲ್ಲ, ಅವಳ ಅಜ್ಜಿ ಇದ್ದರು. ಮಜ್ಜಿಗೆ ಕೊಟ್ಟರು, ನಾನು ಯಾರೆಂದು ಎರಡು ಸಲ ಕೇಳಿದರು. ಬಾಯಿ ಬಿಡಲಾಗದೆ ಎದ್ದು ಬಂದೆ. ಕೊಟ್ಟೆಯಾ ಎಂದು ಯಜಮಾನರು ಕೇಳಿದಾಗ, ಅಜ್ಜಿಯ ಕೈಗೆ ಕೊಟ್ಟೆ ಎಂದುಬಿಟ್ಟೆ.

ಮಾರನೆಯ ದಿನ ಟಿಕೆಟ್ ಇನ್ನೂ ಬರಲಿಲ್ಲವೆಂದು ನರ್ಸ್ ಫೋನ್ ಮಾಡಿದಳು. ಅಜ್ಜಿಯ ಕೈಗೆ ಕೊಟ್ಟಾಗಿದೆ ಎಂದು ಹೇಳಿ, ಯಜಮಾನರು ಜ್ವರದಲ್ಲೇ ನನ್ನನ್ನು ಕರೆದುಕೊಂಡು ಹೊರಟರು. ಮನೆಯೊಳಗೆ ರಾಗಿಯ ಡಬ್ಬ ಬೋರಲಾಗಿತ್ತು, ಟ್ರಂಕಿನ ಬಟ್ಟೆಯೆಲ್ಲ ನೆಲದ ಮೇಲಿತ್ತು. ಅಜ್ಜಿ ನಡುವೆ ಕೂತು ಹಾಸಿಗೆಯ ಹೊಲಿಗೆ ಬಿಚ್ಚುತ್ತಿದ್ದರು. ನನ್ನನ್ನು ನೋಡಿ ಯಜಮಾನರಿಗೆ ಹೇಳಿದರು: "ಈ ಮಗ ಕೊಟ್ಟಿರ್ತದೆ ಕಣಪ್ಪ. ನನ್ಗೇ ಈಗ ಗ್ಯಾನ ನಿಲ್ಲಾಕಿಲ್ಲ."

ಯಜಮಾನರು ನನ್ನ ಕಡೆ ಒಮ್ಮೆ ತಿರುಗಿದರು. ನಾನು ತಲೆ ಬಗ್ಗಿಸಿದೆ. ಅವರು ನೆಲದ ಮೇಲೆ ಅಜ್ಜಿಯ ಎದುರು ಕೂತರು.

"ಅವ್ವಾ, ಹುಡುಕ್ಬೇಡಿ. ಈ ಹುಡ್ಗಿ ತಂದಿದ್ದು ಬರೀ ಕವರು. ಟಿಕೆಟ್ಟು ನನ್ನ ಕೈಲೇ ಕಳೆದೋಯ್ತು."

ನರ್ಸ್ ಆಡಬಾರದ್ದೆಲ್ಲ ಆಡಿದಳು. ಹಿಂದಿರುಗುವಾಗ ಬಸ್ಸಿನಲ್ಲಿ ಯಜಮಾನರು ನನ್ನನ್ನು ಕೇಳಿದ್ದು ಒಂದೇ: "ಬೆಳಿಗ್ಗೆ ತಿಂಡಿ ತಿಂದಿದ್ಯೇನಮ್ಮ?"

ಕಳೆದ ಟಿಕೆಟ್ಟಿಗೆ ಬದಲಿ ಪಡೆಯುವುದು ಆಗ ಸುಲಭವಿರಲಿಲ್ಲ. ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು, ತಮ್ಮ ಅಜಾಗರೂಕತೆಯಿಂದಲೇ ಕಳೆಯಿತೆಂದು ಛಾಪಾ ಕಾಗದದ ಮೇಲೆ ಬರೆದುಕೊಟ್ಟು, ಎರಡು ದಿನ ಬೆಂಗಳೂರಿನ ವಿಮಾನ ಕಚೇರಿಯ ಬೆಂಚಿನ ಮೇಲೆ ಕಾದರು. ಹೊರಡುವ ಹಿಂದಿನ ದಿನ ಹೊಸ ಟಿಕೆಟ್ ತಂದು ಕೊಟ್ಟಾಗ ನರ್ಸ್ ಮುಖ ತಿರುಗಿಸಿಕೊಂಡೇ ತೆಗೆದುಕೊಂಡಳಂತೆ. ಅಲ್ಲಿಂದ ಮುಂದೆ ಆ ಕಡೆಯ ಗಿರಾಕಿಗಳು ನಮ್ಮಲ್ಲಿಗೆ ಬರಲಿಲ್ಲ.

ಕೆಲವು ವರ್ಷಕ್ಕೆ ಇ-ಟಿಕೆಟ್ ಬಂತು. ಮೊದಲನೆಯದು ನಮ್ಮ ಪ್ರಿಂಟರಿನಿಂದ ಬಿಳಿ ಹಾಳೆಯಾಗಿ ಹೊರಬಂದ ದಿನ ಅವರಿಗೆ ನಂಬಿಕೆಯಾಗಲಿಲ್ಲ. ಇದು ಕಳೆದರೆ ಹೇಗೆಂದು ಮೈಸೂರಿಗೆ ಫೋನ್ ಮಾಡಿ ಮೂರು ಸಲ ಕೇಳಿದರು. ಫೋನ್ ಇಟ್ಟು ನನ್ನತ್ತ ತಿರುಗಿದರು.

"ಕಳೆದ್ರೆ ಇನ್ನೊಂದು ಪ್ರಿಂಟ್ ತಗೊಂಡ್ರಾಯ್ತಂತೆ ಕಣಮ್ಮ. ಇನ್ಮೇಲೆ ಯಾರೂ ಹೆದರಬೇಕಾಗಿಲ್ಲ."

ಅಂದು ಹೇಳಿಬಿಡಬಹುದಿತ್ತು. ಅವರು ಕಾದರು ಕೂಡ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ನಾನು ಪ್ರಿಂಟರಿಗೆ ಹಾಳೆ ತುಂಬುತ್ತ ನಿಂತೆ.

ಜನ ತಮ್ಮ ಫೋನಿನಲ್ಲೇ ಟಿಕೆಟ್ ತೆಗೆಯತೊಡಗಿದ ಮೇಲೆ ಅವರು ಅಂಗಡಿ ಮುಚ್ಚಿದರು. ಅದಕ್ಕೆ ಮೊದಲೇ ತಮ್ಮ ಸ್ನೇಹಿತರಿಗೆ ಹೇಳಿ ನನಗೊಂದು ಸಹಕಾರ ಸಂಘದಲ್ಲಿ ಕೆಲಸ ಕೊಡಿಸಿದ್ದರು. ಹುಡುಗಿ ನಂಬಿಕಸ್ಥಳು ಎಂದು ಶಿಫಾರಸು ಮಾಡಿದ್ದರಂತೆ.

ಹೋದ ವರ್ಷ ಅವರು ತೀರಿಕೊಂಡರು. ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ನಾನು ಸೋಸಲೆಗೆ ಹೋದೆ. ಮಸ್ಕತ್ತಿನಿಂದ ಮರಳಿದ್ದ ನರ್ಸ್ ಅದೇ ಮನೆಯಲ್ಲಿದ್ದಳು, ತಲೆಕೂದಲು ಅರ್ಧ ನರೆತಿತ್ತು. ಜಗಲಿಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಎದ್ದು ಬಂದು ನನ್ನ ಪಕ್ಕದಲ್ಲಿ ಕೂತಳು.

"ಆವತ್ತು ಅವ್ರು ಹೇಳಿದ್ದನ್ನ ನಾನು ನಂಬಿಬಿಟ್ಟೆ ಕಣ್ರೀ. ಬಾಯಿಗೆ ಬಂದಂಗೆ ಬೈದೆ. ನಮ್ಮಜ್ಜಿ ಮಾತ್ರ ನಂಬ್ಲೇ ಇಲ್ಲ. ‘ಕಳೆದಿದ್ದು ನಾನೇ, ನನ್ ಮಾನ ಉಳ್ಸಕ್ಕೆ ಆ ಪುಣ್ಯಾತ್ಮ ತನ್ ತಲೆ ಮೇಲೆ ಹಾಕ್ಕೊಂಡ’ ಅಂತಿತ್ತು. ಸಾಯೋವರ್ಗೂ ಅದನ್ನೇ ಹೇಳ್ಕೊಂಡು ಅಳ್ತಿತ್ತು."

ಅಜ್ಜಿ ತೀರಿಕೊಂಡು ಆರು ವರ್ಷವಾಗಿತ್ತು. ಯಜಮಾನರು ತಮ್ಮ ಹೆಸರು ಕೆಡಿಸಿಕೊಂಡು ಆಡಿದ ಸುಳ್ಳೂ ಆ ಮುದುಕಿಯನ್ನು ಆ ಅಳಲಿನಿಂದ ಬಿಡಿಸಲಿಲ್ಲ. ಅದಕ್ಕೆ ನನ್ನ ಬಾಯಿಂದ ನಿಜವೇ ಬರಬೇಕಿತ್ತು. ಅಜ್ಜಿ ಬದುಕಿದ್ದಾಗಲೂ ನಂಜನಗೂಡಿನಿಂದ ನರಸೀಪುರಕ್ಕೆ ಬಸ್ಸುಗಳಿದ್ದವು.