ಯಾರೂ ತೆಗೆದುಕೊಳ್ಳದ ನನ್ನ ತಾಸುಗಳು

“ಇಲ್ಲ ಸರ್. ಅದು ತಪ್ಪು. ನಾನು ಒಪ್ಪಲ್ಲ.”

ಹೀಗೆಂದವರು ನಮ್ಮ ಸಮಾಜಶಾಸ್ತ್ರ ವಿಭಾಗದ ಮುಖ್ಯಸ್ಥೆ ಎಸ್ತರ್ ಮೇಡಂ. ಅನ್ನಿಸಿಕೊಂಡವರು ಕಾಲೇಜಿನ ಪ್ರಿನ್ಸಿಪಾಲರು. ತೊಂಬತ್ತರ ದಶಕದ ನಡುವೆ ಕಲಬುರಗಿಯಿಂದ ಬೆಂಗಳೂರಿನ ದಂಡುಪ್ರದೇಶದ ಕಾಲೇಜೊಂದಕ್ಕೆ ತಾತ್ಕಾಲಿಕ ಉಪನ್ಯಾಸಕಿಯಾಗಿ ಬಂದ ನನಗೆ ಅದು ಮೊದಲ ಸಿಬ್ಬಂದಿ ಸಭೆ. ಇನ್ನೇನು ಆಕಾಶ ಕಳಚಿ ಬೀಳುತ್ತದೆ ಎಂದು ಕುರ್ಚಿಯ ತುದಿಯಲ್ಲಿ ಕೂತು ಕಾದೆ. ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿಕೊಂಡು, “ಸರಿ, ಹಾಗಾದ್ರೆ ಹೇಗೆ ಮಾಡೋಣ, ನೀವೇ ಹೇಳಿ” ಎಂದರು. ಅಷ್ಟರಲ್ಲಿ ಚಹಾ ಬಂತು. ಎಲ್ಲರೂ ಕುಡಿದರು. ಆಕಾಶ ಇದ್ದಲ್ಲೇ ಇತ್ತು.

ಬೆಂಗಳೂರಿನ ಎತ್ತರದ ಕಟ್ಟಡ, ವಾಹನ, ಚಳಿ ಯಾವುದೂ ನನ್ನನ್ನು ಇಷ್ಟು ಬೆಚ್ಚಿಸಿರಲಿಲ್ಲ. ನಾನು ಓದಿದ ನಮ್ಮೂರಿನ ಕಾಲೇಜು, ಕಲಬುರಗಿಯಲ್ಲೇ ಕೂತು ಇದನ್ನು ಓದುತ್ತಿರುವ ನಿಮಗೆ ಗೊತ್ತಿರುವಂಥದ್ದೇ. ಅಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರ ಜೀಪು ಗೇಟಿನಲ್ಲಿ ಕಂಡರೆ ಪಾಠ ನಿಲ್ಲುತ್ತಿತ್ತು, ಮೇಷ್ಟರುಗಳು ವರಾಂಡದಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ರಾಜ್ಯಶಾಸ್ತ್ರ ಕಲಿಸುತ್ತಿದ್ದ ನಮ್ಮ ಮೇಷ್ಟರೊಬ್ಬರು ಊರಿನ ಕುಡಿಯುವ ನೀರಿನ ಬಗ್ಗೆ ಪತ್ರಿಕೆಗೆ ಬರೆದರು. ಬರೆದ ವಾರದಲ್ಲೇ ಅವರು ಕಾಲೇಜಿನಲ್ಲಿರಲಿಲ್ಲ. ಮರುದಿನ ಅವರ ತಾಸುಗಳನ್ನು ಉಳಿದವರಿಗೆ ಹಂಚಿದರು. ಪಾಠ ಒಂದು ದಿನವೂ ತಪ್ಪಲಿಲ್ಲ. ಬೆಂಚಿನಲ್ಲಿ ಕೂತಿದ್ದ ನಮಗೂ, ಹೊಸದಾಗಿ ಬಂದು ಹಾಜರಿ ಕರೆದ ಮೇಷ್ಟರಿಗೂ ಅದು ಹವಾಮಾನ ಬದಲಾದಷ್ಟೇ ಸಹಜವಾಗಿತ್ತು. ಕಲಿಸುವವರೆಂದರೆ ಬಾಯಿ ಮುಚ್ಚಿಕೊಂಡು ಕಲಿಸುವವರು ಎಂದೇ ನಾನು ತಿಳಿದಿದ್ದೆ.

ಹೊಸ ಊರಿನಲ್ಲಿ ಮೊದಲು ಬೇಕಾದದ್ದು ಮನೆ. ಲಿಂಗರಾಜಪುರದ ಗಲ್ಲಿಗಳಲ್ಲಿ ಒಂದೊಂದೇ ಗೇಟು ತಟ್ಟುತ್ತ ಹೋದೆ. ಶುದ್ಧ ಕನ್ನಡದಲ್ಲಿ ಕೇಳಿದರೆ “ವೀಡು ಇಲ್ಲೆಮ್ಮಾ” ಎನ್ನುತ್ತಿದ್ದರು. ತಮಿಳಿನಲ್ಲಿ ವೀಡು ಎಂದರೆ ಮನೆ ಎಂದು ಆ ದಿನವೇ ಕಲಿತೆ, ಅದು ಇಲ್ಲ ಎನ್ನುವ ವಾಕ್ಯದ ಜೊತೆಗೇ. ಸಂಜೆಯ ಹೊತ್ತಿಗೆ ಸುಸ್ತಾಗಿ ನಿಂತಾಗ ನಿವೃತ್ತ ಶಾಲಾ ಶಿಕ್ಷಕಿ ಹಬೀಬಾ ಆಪಾ ತಮ್ಮ ಗೇಟಿನ ಒಳಗಿಂದ ಕೇಳಿದರು, “ಅಕೇಲೇ ರಹತೇ ಕ್ಯಾ?” ಒಬ್ಬಳೇ ಇರುತ್ತೀಯಾ ಎಂದು.

“ಹೌ ಆಪಾ, ಅಕೇಲೀಚ್ ಹೂಂ,” ಎಂದೆ. ಬಾಯಿಗೆ ತಾನಾಗಿ ಬಂದದ್ದು ನಮ್ಮ ಕಡೆಯ ದಖನಿ ಉರ್ದು.

ಆಪಾ ನಕ್ಕುಬಿಟ್ಟರು. “ಅರೇ, ಯೇ ತೋ ಹಮಾರೀಚ್ ಬೋಲಿ! ಊಪರ್ ಕಮ್ರಾ ಹೈ, ದೇಖೋ.”

ಹೀಗೆ, ‘ಇದು ನಮ್ಮದೇ ಮಾತು’ ಎಂಬ ಒಂದೇ ಕಾರಣಕ್ಕೆ, ಮಾಳಿಗೆಯ ಕೋಣೆ ಸಿಕ್ಕಿತು. ನಮ್ಮದೇ ರಾಜ್ಯದ ರಾಜಧಾನಿಗೆ ಬಂದು, ಕನ್ನಡ ಮಾತಾಡಿ ಹೊರಗಿನವಳಾಗಿ, ದಖನಿ ಮಾತಾಡಿ ಊರಿನವಳಾದೆ. ಕಾಲೇಜಿನಲ್ಲಂತೂ ನಾನು “ಕ್ಲಾಸಿಗೆ ಹೊಂಟೀನ್ರಿ” ಎಂದರೆ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಶಿವಾಜಿನಗರದ ಬಟ್ಟೆ ವ್ಯಾಪಾರಿಯ ಮಗಳು ಶಬಾನಾ ಮಾತ್ರ ತರಗತಿ ಮುಗಿದ ಮೇಲೆ ಬಂದು, “ಮಿಸ್, ನೀವು ಗುಲ್ಬರ್ಗದವ್ರಾ? ನಮ್ಮ ನಾನಿಯೂ ಅಲ್ಲಿಯವ್ರೇ. ಥೇಟ್ ನಿಮ್ ಥರಾನೇ ಮಾತಾಡ್ತಾರೆ,” ಎಂದಳು. ಆ ವಾರವೆಲ್ಲ ನನ್ನ ಹೆಜ್ಜೆ ಹಗುರಾಗಿತ್ತು.

ಊಟದ ವಿಷಯದಲ್ಲಿ ಸೋತೆ. ಇಲ್ಲಿನ ಸಾರಿಗೆ ಬೆಲ್ಲ ಹಾಕುತ್ತಾರೆ. ಜೋಳದ ಹಿಟ್ಟು ಎಂದರೆ ಅಂಗಡಿಯವರು ಮೆಕ್ಕೆಜೋಳದ ಹಿಟ್ಟು ಕೊಡುತ್ತಾರೆ. ರಸಲ್ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಬಿಳಿಜೋಳ ಸಿಕ್ಕಿದ ದಿನ, ಅದನ್ನು ಬೀಸಿಸಿ ತಂದು ರೊಟ್ಟಿ ಬಡಿದೆ. ಆ ಸದ್ದಿಗೆ ಆಪಾ ಗಾಬರಿಯಾಗಿ ಮೇಲೆ ಓಡಿಬಂದರು. ಬಂದವರು ಎಣ್ಣೆ, ಖಾರದ ಪುಡಿ ಹಚ್ಚಿಕೊಂಡು ತಿಂದೇ ಇಳಿದರು. ಆದರೂ ಭಾನುವಾರಗಳು ಕಷ್ಟದವು. ಹಲಸೂರು ಕೆರೆಯ ಏರಿಯ ಮೇಲೆ ಒಬ್ಬಳೇ ನಡೆಯುತ್ತ, ಎದುರಿಗೆ ಬಂದವರಲ್ಲಿ ಯಾರಾದರೂ ಒಬ್ಬರು ‘ಯಾವಾಗ ಬಂದ್ಯವ್ವಾ’ ಎನ್ನಬಾರದೇ ಎಂದು ಆಸೆಪಡುತ್ತಿದ್ದೆ.

ಎಸ್ತರ್ ಮೇಡಂ ಹುಟ್ಟಿ ಬೆಳೆದದ್ದು ಅದೇ ಹಲಸೂರಿನಲ್ಲಿ. ಮನೆಮಾತು ತಮಿಳು, ಕೆಲಸದ ಮಾತು ಇಂಗ್ಲಿಷು, ನನ್ನೊಡನೆ ಮಾತ್ರ ತಮ್ಮದೇ ರಾಗದ ಕನ್ನಡ. ಎರಡನೇ ವರ್ಷ ಅವರು ನನಗೆ ಅಂತಿಮ ತರಗತಿಯ ಕ್ಷೇತ್ರ ಅಧ್ಯಯನ ವಹಿಸಿದರು. ಎಲ್ಲಿಗೆ ಕರೆದುಕೊಂಡು ಹೋಗಲಿ ಎಂದು ಕೇಳಿದೆ.

“ನೀನೇ ಹೇಳಮ್ಮಾ. ಪಾಠ ನಿಂದು.”

ಪಾಠ ನನ್ನದು ಎಂದು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ.

ಕೆ.ಆರ್. ಪುರದ ಆಚೆಗಿನ ಒಂದು ಹಳ್ಳಿಯನ್ನು ಆರಿಸಿಕೊಂಡೆ. ಆಗ ಆ ಕಡೆ ಹಳ್ಳಿಗಳು ಇನ್ನೂ ಹಳ್ಳಿಗಳಾಗಿದ್ದವು, ಆದರೆ ಕೆರೆಗಳಿಗೆ ಮಣ್ಣು ಸುರಿಯುವುದು ಶುರುವಾಗಿತ್ತು. ನನ್ನ ವಿದ್ಯಾರ್ಥಿನಿಯರು ಬಟ್ಟೆ ಒಗೆಯುವವರು, ಸೊಪ್ಪು ಬೆಳೆಯುವವರು, ಎಮ್ಮೆ ಕಟ್ಟಿದವರು ಹೀಗೆ ಕೆರೆಯನ್ನು ನಂಬಿದವರನ್ನೆಲ್ಲ ಮಾತಾಡಿಸಿದರು. ಕೊನೆಗೆ ಕೆರೆಯ ಯಾವ ಭಾಗ ಯಾರ ಬಡಾವಣೆಯಾಗುತ್ತಿದೆ ಎಂದು ದೊಡ್ಡ ನಕ್ಷೆ ಬರೆದು ಪ್ರದರ್ಶನಕ್ಕೆಂದು ವಿಭಾಗದ ಗೋಡೆಗೆ ಹಾಕಿದರು. ಅದರಲ್ಲಿ ಒಂದು ಬಡಾವಣೆ ನಮ್ಮ ಕಾಲೇಜಿನ ಆಡಳಿತ ಮಂಡಳಿಯ ಸದಸ್ಯರೊಬ್ಬರ ಮನೆಯವರದಾಗಿತ್ತು. ಹುಡುಗಿಯರಿಗೂ ನನಗೂ ಅದು ಗೊತ್ತಿರಲಿಲ್ಲ. ಪ್ರದರ್ಶನಕ್ಕೆ ಬಂದ ಆ ಸದಸ್ಯರಿಗೆ ಮಾತ್ರ ಚೆನ್ನಾಗಿ ಗೊತ್ತಿತ್ತು.

ಮಾರನೆಯ ದಿನ ಪ್ರಿನ್ಸಿಪಾಲರು ನಮ್ಮಿಬ್ಬರನ್ನೂ ಕರೆಸಿದರು. ದನಿ ತಗ್ಗಿಸಿ, “ಆ ಒಂದು ನಕ್ಷೆ ತೆಗೆದುಬಿಡಿ ಮೇಡಂ. ಉಳಿದದ್ದೆಲ್ಲ ಇರ್ಲಿ. ಯಾಕೆ ಸುಮ್ನೆ...” ಎಂದರು.

‘ಈಗಲೇ ತೆಗೀತೀನ್ರಿ ಸರ್’ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಎಸ್ತರ್ ಮೇಡಂ ನನ್ನ ಮೊಣಕೈ ಮುಟ್ಟಿ ಸುಮ್ಮನಿರಿಸಿದರು.

“ಅದರಲ್ಲಿ ಒಂದು ಗೆರೆ ತಪ್ಪಿದ್ರೆ ತೋರಿಸಿ ಸರ್, ನಾನೇ ಅಳಿಸ್ತೀನಿ. ತಪ್ಪಿಲ್ಲ ಅಂದ್ರೆ ಅದು ಮಕ್ಕಳು ಮಾಡಿದ ಕೆಲ್ಸ. ಮಾರ್ಕ್ಸ್ ಕೊಟ್ಟಾಗಿದೆ. ಹೆಂಗ್ ತೆಗೀಲಿ?”

“ಈ ಹುಡುಗಿ ಟೆಂಪರರಿ ಮೇಡಂ. ಅದನ್ನಾದ್ರೂ ಯೋಚಿಸಿ.”

“ಅವಳು ಟೆಂಪರರಿ. ಸಬ್ಜೆಕ್ಟ್ ಟೆಂಪರರಿ ಅಲ್ಲ ಅಲ್ವಾ ಸರ್?”

ನಕ್ಷೆ ಗೋಡೆಯ ಮೇಲೇ ಉಳಿಯಿತು.

ತಾತ್ಕಾಲಿಕ ಎಂದರೆ ಏನೆಂದು ಊರಲ್ಲಿರುವ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಬೇಸಿಗೆ ರಜೆಗೆ ನಮ್ಮ ನೌಕರಿ ಮುಗಿಯುತ್ತಿತ್ತು, ಜೂನಿನಲ್ಲಿ ಮತ್ತೆ ಸಂದರ್ಶನಕ್ಕೆ ಕರೆದರೆ ಹೊಸದಾಗಿ ಹುಟ್ಟುತ್ತಿತ್ತು. ಆ ಜೂನಿನಲ್ಲಿ ತಾತ್ಕಾಲಿಕರೆಲ್ಲರಿಗೂ ಕರೆ ಬಂತು, ನನಗೆ ಬರಲಿಲ್ಲ. ನನ್ನ ಜಾಗಕ್ಕೆ ಬೇರೆ ಅಭ್ಯರ್ಥಿಯನ್ನು ಕರೆದಿದ್ದಾರೆ ಎಂದು ತಿಳಿಯಿತು. ನಾನು ಟ್ರಂಕು ಎಳೆದು ಬಟ್ಟೆ ಮಡಿಸತೊಡಗಿದೆ. ನಮ್ಮೂರಿನ ಆ ಮೇಷ್ಟರು ನೆನಪಾದರು. ಮುಂದೇನಾಗುತ್ತದೆ ಎಂದು ನನಗೆ ಬಾಯಿಪಾಠವಾಗಿತ್ತು. ಹೊಸಬರು ಬರುತ್ತಾರೆ, ಹಾಜರಿ ಕರೆಯುತ್ತಾರೆ, ಪಾಠ ನಡೆಯುತ್ತದೆ.

ಹಾಗಾಗಲಿಲ್ಲ.

ಸಂದರ್ಶನದ ಮೇಜಿನಲ್ಲೇ ಎಸ್ತರ್ ಮೇಡಂ, “ಕೆಲಸ ಚೆನ್ನಾಗಿ ಮಾಡಿದವಳನ್ನ ಯಾಕೆ ಕರೀಲಿಲ್ಲ? ಕಾರಣ ಹೇಳಿ, ಸಹಿ ಹಾಕ್ತೀನಿ,” ಎಂದು ಕೂತರಂತೆ. ಯಾರೂ ಕಾರಣ ಹೇಳಲಿಲ್ಲ, ಅವರು ಆಯ್ಕೆಯ ಕಾಗದಕ್ಕೆ ಸಹಿ ಹಾಕಲಿಲ್ಲ. ಸರಿ, ಸದ್ಯಕ್ಕೆ ಆ ತಾಸುಗಳನ್ನು ವಿಭಾಗದ ಉಳಿದವರು ಹಂಚಿಕೊಳ್ಳಲಿ ಎಂದು ಮಂಡಳಿ ಹೇಳಿತು. ನಮ್ಮ ವಿಭಾಗದಲ್ಲಿ ಕೃಷ್ಣಮೂರ್ತಿ ಸರ್ ಎಂಬ ಮೆತ್ತಗಿನ ಮನುಷ್ಯರಿದ್ದರು. ನಿವೃತ್ತಿ ಹತ್ತಿರವಿತ್ತು. ಮಕ್ಕಳ ಮದುವೆಯ ಚಿಂತೆ ಬಿಟ್ಟು ಬೇರೆ ವಿಷಯ ಅವರ ಬಾಯಿಂದ ನಾನು ಕೇಳಿದ್ದಿಲ್ಲ. ಮೊದಲು ಅವರನ್ನೇ ಕೇಳಿದರು, ಅವರು ಇಲ್ಲವೆನ್ನುವವರಲ್ಲ ಎಂಬ ಧೈರ್ಯದಿಂದ.

“ನಂಗೆ ಆಗಲ್ಲ ಸರ್,” ಎಂದರಂತೆ ಕೃಷ್ಣಮೂರ್ತಿ ಸರ್.

“ಹುಷಾರಿಲ್ವಾ?”

“ಹುಷಾರಾಗೇ ಇದೀನಿ ಸರ್. ಆ ಕ್ಲಾಸು ಆಯಮ್ಮಂದು. ನಾನು ತಗೊಳಲ್ಲ.”

ಇದನ್ನು ನನಗೆ ಹೇಳಿದವನು ಯಾರೆಂದು ಊಹಿಸಲಾರಿರಿ. ನನ್ನ ಜಾಗಕ್ಕೆ ಕರೆಸಿಕೊಂಡಿದ್ದ ಅಭ್ಯರ್ಥಿ! ಚಿತ್ರದುರ್ಗದ ಕಡೆಯ ಬಸವರಾಜ ಎಂಬ ತರುಣ. ಒಂದು ಮಧ್ಯಾಹ್ನ ವಿಳಾಸ ಹುಡುಕಿಕೊಂಡು ಬಂದು ಆಪಾರ ಗೇಟಿನಲ್ಲಿ ನಿಂತಿದ್ದ. ಅಂಗಿಯ ಇಸ್ತ್ರಿ ಬೆವರಿಗೆ ಮುದುಡಿತ್ತು.

“ಮೇಡಂ, ಸಂದರ್ಶನ ಆದ್ಮೇಲೆ ವರಾಂಡದಲ್ಲಿ ಕೃಷ್ಣಮೂರ್ತಿ ಸರ್ ಸಿಕ್ಕಿದ್ರು. ಈ ಪೋಸ್ಟ್ ಯಾಕೆ ಖಾಲಿ ಆಯ್ತು ಅಂತ ಹೇಳಿದ್ರು. ನಾನು ಬರಲ್ಲ ಅಂತ ಪ್ರಿನ್ಸಿಪಾಲ್‌ಗೆ ಹೇಳಿ ಬಂದೆ. ನಿಮಗೂ ಹೇಳ್ಬೇಕು ಅನ್ನಿಸ್ತು.”

ಒಳಗೆ ಕರೆದು ನೀರು ಕೊಟ್ಟೆ. “ನಿಮಗೂ ಕೆಲಸ ಬೇಕಲ್ರಿ?” ಎಂದೆ.

“ಬೇಕು. ತುಂಬಾ ಬೇಕು.” ಲೋಟ ಕೆಳಗಿಟ್ಟ. “ಆದ್ರೆ ನಾಳೆ ನಾನು ಏನಾದ್ರೂ ಪಾಠ ಮಾಡಿದ್ರೆ, ನನ್ನ ಜಾಗಕ್ಕೂ ಹಿಂಗೇ ಯಾರನ್ನೋ ಕರೀತಾರಲ್ಲ ಮೇಡಂ.”

ಅವನು ಹೋದ ಮೇಲೆ ಟ್ರಂಕಿನ ಬಟ್ಟೆಗಳನ್ನು ತೆಗೆದು ಮತ್ತೆ ಕಪಾಟಿನಲ್ಲಿಟ್ಟೆ. ಕೆಲಸ ವಾಪಸು ಸಿಗುತ್ತದೆಂಬ ಭರವಸೆಯೇನೂ ಇರಲಿಲ್ಲ. ಇಂಥ ಜನ ಇರುವ ಊರನ್ನು ಬಿಟ್ಟು ಹೋಗಲು ಮನಸ್ಸಾಗಲಿಲ್ಲ, ಅಷ್ಟೇ.

ಕಾಲೇಜು ತೆರೆಯಿತು. ಕೃಷ್ಣಮೂರ್ತಿ ಸರ್ ಒಲ್ಲೆನೆಂದ ತಾಸುಗಳನ್ನು ವಿಭಾಗದಲ್ಲಿ ಬೇರೆ ಯಾರೂ ತೆಗೆದುಕೊಳ್ಳಲಿಲ್ಲ. ನನ್ನ ತಾಸುಗಳಲ್ಲಿ ವಿದ್ಯಾರ್ಥಿನಿಯರು ಬಂದು ಖಾಲಿ ಮೇಜಿನ ಎದುರು ಕೂತು, ಪುಸ್ತಕ ತೆರೆದು ತಾವೇ ಓದಿಕೊಂಡು ಎದ್ದುಹೋಗುತ್ತಿದ್ದರು. ಗಲಾಟೆಯಿಲ್ಲ, ಘೋಷಣೆಯಿಲ್ಲ. ಕೆಲವು ವಾರಗಳ ನಂತರ ಶಬಾನಾಳ ತಂದೆ ಇನ್ನೊಂದಿಷ್ಟು ಪೋಷಕರನ್ನು ಕರೆದುಕೊಂಡು ಪ್ರಿನ್ಸಿಪಾಲರ ಕೋಣೆಗೆ ಹೋದರು. “ಸಾಬ್, ಬಚ್ಚಿಯಾಂಕು ಪಾಠ ಕೋಣ್ ಬೋಲ್ತೇ?” ಎಂಬುದೊಂದೇ ಅವರ ಪ್ರಶ್ನೆ. ಮಕ್ಕಳಿಗೆ ಪಾಠ ಯಾರು ಹೇಳುತ್ತಾರೆ? ಅದುವರೆಗೆ ಎರಡೂ ಕಡೆ ತಲೆಯಾಡಿಸುತ್ತಿದ್ದ ಪ್ರಿನ್ಸಿಪಾಲರು ಆ ಸಂಜೆ ಮಂಡಳಿಯ ಎದುರು ಹೋಗಿ, ಹೀಗೆ ಕಾಲೇಜು ನಡೆಸಲು ತಮ್ಮಿಂದಾಗದು ಎಂದುಬಿಟ್ಟರು. ಮರುದಿನ ಆಪಾರ ಮನೆಯ ಫೋನು ಹೊಡೆದುಕೊಂಡಿತು. “ನಾಳೆಯಿಂದ ಬನ್ನಿ,” ಎಂದರು ಪ್ರಿನ್ಸಿಪಾಲರು. ಯಾಕೆ ತೆಗೆದರು, ಯಾಕೆ ಕರೆದರು ಎಂದು ಅವರು ಹೇಳಲಿಲ್ಲ.

ತರಗತಿಗೆ ಕಾಲಿಟ್ಟು ಹಾಜರಿ ಪುಸ್ತಕ ತೆರೆದೆ. ಶಬಾನಾ ಎದ್ದು ನಿಂತು, “ಮಿಸ್, ಮುಂದಿನ ಚಾಪ್ಟರ್ ನಾವೇ ಮುಗಿಸಿಬಿಟ್ವಿ. ಡೌಟ್ಸ್ ಮಾತ್ರ ಇದೆ,” ಎಂದಳು. ಎಲ್ಲರೂ ನಕ್ಕರು. ನಾನು ಹೆಚ್ಚು ಹೊತ್ತು ನಕ್ಕೆ.

ಬೆಲೆ ತೆತ್ತವರು ಎಸ್ತರ್ ಮೇಡಂ. ಮುಂದಿನ ಪ್ರಿನ್ಸಿಪಾಲ್ ಅವರೇ ಎಂದು ಎಲ್ಲರೂ ಹೇಳುತ್ತಿದ್ದರು. ಸಮಯ ಬಂದಾಗ ಅವರಿಗಿಂತ ಕಿರಿಯರೊಬ್ಬರನ್ನು ಕೂರಿಸಿದರು. ಹಲಸೂರು ಕೆರೆಯ ಏರಿಯ ಮೇಲೆ ಒಂದು ಸಂಜೆ ಅವರೊಡನೆ ನಡೆಯುತ್ತ, ನನ್ನಿಂದಾಗಿ ಹೀಗಾಯಿತು ಎಂದೆ.

“ಚುಮ್ಮಾ ಇರಮ್ಮಾ,” ಎಂದರು. ಸುಮ್ಮನಿರು ಎನ್ನುವುದನ್ನು ಅವರು ಪ್ರೀತಿ ಬಂದಾಗ ತಮಿಳಿನಲ್ಲೇ ಹೇಳುತ್ತಿದ್ದರು. “ನಿನಗೋಸ್ಕರ ಮಾಡಿದ್ದಲ್ಲ ಅದು. ಆವತ್ತು ನಕ್ಷೆ ತೆಗೆದಿದ್ರೆ, ಮಾರನೇ ದಿನ ಕ್ಲಾಸಲ್ಲಿ ‘ಪ್ರಶ್ನೆ ಕೇಳಿ’ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?”

ನಕ್ಷೆಯಲ್ಲಿದ್ದ ಆ ಹಳ್ಳಿಯ ಕೆರೆಯೇನೂ ಉಳಿಯಲಿಲ್ಲ. ಈಗ ಅಲ್ಲಿ ಅಪಾರ್ಟ್‌ಮೆಂಟುಗಳಿವೆ, ಮಳೆ ಬಂದರೆ ನೆಲಮಹಡಿಗೆ ನೀರು ನುಗ್ಗುತ್ತದೆ. ನಾನು ಉಳಿದೆ. ಇನ್ನೂ ಕೆಲವು ಜೂನುಗಳನ್ನು ಕರೆಗಾಗಿ ಕಾಯುತ್ತ ದಾಟಿ, ಹೊಸ ಶತಮಾನ ಬಂದ ಮೇಲೆ ಕಾಯಂ ಆದೆ. ಎಸ್ತರ್ ಮೇಡಂ ನಿವೃತ್ತರಾಗಿ, ಅವರ ಕುರ್ಚಿ ಕೊನೆಗೆ ನನಗೇ ಬಂತು. ಈ ಊರನ್ನು ಹೊಗಳಿ ಬರೆಯುತ್ತಿದ್ದೇನೆ ಎಂದು ನಿಮಗೆ ಅನ್ನಿಸಬಹುದು. ಇಲ್ಲಿಯೂ ಕಾಯಿದೆ ನಮ್ಮೂರಿನದೇ, ಮಂಡಳಿಗಳೂ ನಮ್ಮೂರಿನಂಥವೇ. ಬೇರೆಯಾಗಿದ್ದದ್ದು ‘ಆಗಲ್ಲ’ ಎಂದ ಕೆಲವರು. ಅವರಿಗೆ ಆ ಬಲ ಎಲ್ಲಿಂದ ಬಂತೋ ನನಗೆ ಇಂದಿಗೂ ತಿಳಿಯದು. ನಾಲ್ಕು ಭಾಷೆ ಒಂದೇ ಓಣಿಯಲ್ಲಿ ಜಗಳಾಡುತ್ತ ಬಾಳುವ ಜಾಗದಲ್ಲಿ, ಎದುರು ಮಾತಾಡುವುದನ್ನು ಯಾರೂ ಅಪಶಕುನ ಎಂದುಕೊಳ್ಳುವುದಿಲ್ಲವೇನೋ.

ಹೋದ ತಿಂಗಳು ನಾನು ಓದಿದ ಕಾಲೇಜಿಗೆ ಉಪನ್ಯಾಸಕ್ಕೆ ಕರೆದಿದ್ದರು. ಅಧ್ಯಕ್ಷರು ಬದಲಾಗಿದ್ದಾರೆ, ಜೀಪು ಕಾರಾಗಿದೆ. ವೇದಿಕೆಯಲ್ಲಿ ನನ್ನನ್ನು “ಬೆಂಗಳೂರಿನ ಮೇಡಂ” ಎಂದು ಪರಿಚಯಿಸಿದಾಗ ಎದೆಯಲ್ಲಿ ಮುಳ್ಳಾಡಿದಂತಾಯಿತು. ಕಾರ್ಯಕ್ರಮ ಮುಗಿದ ಮೇಲೆ ಇತಿಹಾಸ ಕಲಿಸುವ ಯುವತಿಯೊಬ್ಬಳು ಬಂದು, ಅಕ್ಕಪಕ್ಕ ನೋಡಿ ಕೇಳಿದಳು.

“ಮೇಡಂ, ಅಲ್ಲಿ ಹಂಗ ಮಾತಾಡಿದ್ರ ನಡೀತದೇನ್ರಿ?”

“ನಡೀತದ,” ಎಂದೆ. “ಆದ್ರ ಒಬ್ಬಾಕೀನೇ ಮಾತಾಡಿದ್ರ ನಡ್ಯಂಗಿಲ್ಲ.”

ಅವಳು ನನ್ನ ಹತ್ತಿರ ಸರಿದಳು. “ನಾನೂ ಟೆಂಪರರಿ ಇದೀನ್ರಿ. ನೀವು ಇಲ್ಲಿಗೇ ಬಂದ್ಬಿಡ್ರಲ್ಲ.”

ನನ್ನ ವಿಭಾಗದಲ್ಲಿ ಈಗ ಇಬ್ಬರು ತಾತ್ಕಾಲಿಕ ಹುಡುಗಿಯರಿದ್ದಾರೆ. ನಾಳೆ ಅವರನ್ನು ಕೈಬಿಟ್ಟರೆ ಕಾರಣ ಕೇಳಲು ಅವರ ಸಂದರ್ಶನದ ಮೇಜಿನಲ್ಲಿ ಕೂರಬೇಕಾದವಳು ನಾನು. ಹಾಗೆಂದು ಹೇಳಬಹುದಿತ್ತು, ಹೇಳಲಿಲ್ಲ. ಅವಳ ಕೈ ಹಿಡಿದುಕೊಂಡು ವರಾಂಡದಲ್ಲಿ ನಿಂತೇ ಇದ್ದೆ. ಹೊರಗೆ ನನ್ನನ್ನು ಸ್ಟೇಷನ್ನಿಗೆ ಬಿಡಲು ಬಂದವರು ಎರಡನೇ ಸಲ ಹಾರ್ನ್ ಹೊಡೆದರು.