ಗೂಟದಣ್ಣ ಗುಡಾರದೊಳಗೆ ಮಲಗಿದ್ದು

ಸಮುದ್ರದ ದಂಡೆಯಲ್ಲಿ ಪ್ರವಾಸಿಗರು ತಂಗುವ ಐಷಾರಾಮಿ ಗುಡಾರಗಳನ್ನು ಪ್ರತಿ ಹಂಗಾಮಿನಲ್ಲೂ ಎಬ್ಬಿಸಿ ನಿಲ್ಲಿಸುವವನು ಗೂಟದಣ್ಣ. ಮರಳಲ್ಲಿ ಗೂಟ ಹೊಡೆಯುವುದು, ಹಗ್ಗ ಬಿಗಿಯುವುದು, ಗಾಳಿ ತಿರುಗಿದರೆ ಮತ್ತೆ ಬಿಗಿಯುವುದು. ಒಳಗೆ ಮಂಚ ಇಟ್ಟು ರತ್ನಗಂಬಳಿ ಹಾಸಿದ ಮೇಲೆ ಅವನಿಗೆ ಪ್ರವೇಶವಿಲ್ಲ. ಕಾಲಿನ ಮರಳು ಅಂಟುತ್ತದಂತೆ. ಅದೇ ಮರಳು ಗಿರಾಕಿಯ ಕಾಲಲ್ಲಿದ್ದರೆ ತೊಳೆಯಲು ಬಿಸಿನೀರು!

ಅವನ ಹೆಂಡತಿ ಆಸ್ಪತ್ರೆಯಲ್ಲಿ ಆಯಾ, ಸದಾ ರಾತ್ರಿಪಾಳಿ. ಅವನು ಮನೆಗೆ ಬರುವ ಹೊತ್ತಿಗೆ ಇವಳು ಚಪ್ಪಲಿ ಮೆಟ್ಟಿರುತ್ತಿದ್ದಳು. ಇರುವ ಒಂದು ಹಾಸಿಗೆಯಲ್ಲಿ ಒಬ್ಬರ ಬಿಸಿ ಆರುವ ಮೊದಲೇ ಇನ್ನೊಬ್ಬರು ಬಂದು ಬೀಳುತ್ತಿದ್ದರು. ‘ಹಾಗಾದ್ರೆ ಮಕ್ಕಳು ಹೇಗಾದ್ವೇ?’ ಎಂದು ಪಕ್ಕದ ಮನೆಯವಳು ಕೆಣಕಿದರೆ, ‘ವಾರದ ರಜೆ ಅಂತ ಒಂದಿದೆಯಲ್ಲಕ್ಕ’ ಎಂದು ನಗುತ್ತಿದ್ದಳು.

ಹೋದ ವರ್ಷ ಗುಡಾರದ ಕೆಲಸಗಾರರು ಕೆಲಸ ನಿಲ್ಲಿಸಿ ಕೂತು ಗೆದ್ದದ್ದರಲ್ಲಿ ಇದೂ ಒಂದು: ಹಂಗಾಮು ಮುಗಿದು ಎಲ್ಲ ಬಿಚ್ಚುವ ಮೊದಲು ಪ್ರತಿಯೊಬ್ಬರೂ ಮನೆಯವರೊಂದಿಗೆ ಒಂದು ರಾತ್ರಿ ಗಿರಾಕಿಯಾಗಿ ತಂಗಬಹುದು. ಮಾಲೀಕರು ಅದನ್ನು ತಮ್ಮ ದೊಡ್ಡತನ ಎಂದು ಹೇಳಿಕೊಂಡು ತಿರುಗಿದರು. ಹೇಳಿಕೊಳ್ಳಲಿ ಬಿಡಿ, ಹಾಸಿಗೆಯಂತೂ ಸಿಕ್ಕಿತು.

ಆಯಾ ರಜೆ ಹಾಕಿ ಬಂದಳು. ಅವಳಿಗೆ ಸಮುದ್ರ ಗಿಮುದ್ರ ಏನೂ ಬೇಕಿರಲಿಲ್ಲ. ಗಂಡನ ಪಕ್ಕ ಒಂದು ರಾತ್ರಿ ಪೂರ್ತಿ ಮಲಗಬೇಕಿತ್ತು, ಅಷ್ಟೇ. ಹೊತ್ತು ಮುಳುಗುವಾಗಲೇ ಊಟ ಮುಗಿಸಿ ದಿಂಬಿಗೆ ತಲೆ ಕೊಟ್ಟರು. ಆಗಲೇ ಗಾಳಿ ಎದ್ದಿತು. ಅವನೂ ಎದ್ದ.

‘ಎಲ್ಲಿಗ್ರೀ ಹೊರಟ್ರಿ?’

‘ಮೂಲೆ ಹಗ್ಗ ಸಡಿಲ ಆಗಿದೆ ಕಣೇ. ಕೇಳಿಸ್ತಿಲ್ವಾ?’

‘ಸಡಿಲ ಆಗಿರೋದು ನಿಮ್ಮ ತಲೆ. ಸುಮ್ನೆ ಬಿದ್ಕೊಳ್ಳಿ.’

ಹೋದ, ಬಂದ, ಮಲಗಿದ. ಗುಡಾರದ ಬಟ್ಟೆ ಪಟಪಟ ಎಂದಿತು. ಮತ್ತೆ ಸುತ್ತಿಗೆ ಹಿಡಿದು ಹೊರಟ. ಇವಳಿಗೆ ತಡೆಯಲಾಗಲಿಲ್ಲ. ನೆಟ್ಟಗೆ ಕೆಲಸಗಾರರ ಶೆಡ್ಡಿಗೆ ಹೋದಳು. ಅವನ ಜೊತೆಗಾರರಿಬ್ಬರು ಇಸ್ಪೀಟು ಆಡುತ್ತಿದ್ದರು.

‘ನಿಮ್ಮಣ್ಣನಿಗೆ ಏನಾದ್ರೂ ಹೇಳ್ರಪ್ಪಾ. ನಾನು ರಜೆ ಹಾಕಿದ್ದು ಹಗ್ಗದ ಜೊತೆ ಸಂಸಾರ ಮಾಡೋಕಲ್ಲ.’

ಇಬ್ಬರೂ ಬಿದ್ದು ಬಿದ್ದು ನಕ್ಕರು. ಆದರೆ ಎಲೆ ಕೆಳಗಿಟ್ಟು ಎದ್ದು ಬಂದರು. ದೊಡ್ಡವನು ಗೂಟದಣ್ಣನ ಕೈಯಿಂದ ಸುತ್ತಿಗೆ ಕಸಿದುಕೊಂಡ.

‘ಇವತ್ತು ನೀನು ಗಿರಾಕಿ. ಗಿರಾಕಿ ಗೂಟ ಮುಟ್ಟಿದ್ರೆ ಬೈಗುಳ ನಮಗೆ.’

‘ನೀವು ಬಿಗಿಯೋ ಚಂದ ನನಗೆ ಗೊತ್ತಿಲ್ವೇನ್ರೋ?’

‘ಕಲಿಸಿದ್ದು ನೀನೇ ತಾನೆ? ಹಗ್ಗ ಬಿಚ್ಚಿದ್ರೆ ಹೋಗೋದು ನಿನ್ನ ಮಾನ. ಒಳಗೆ ನಡಿ.’

ಗೂಟದಣ್ಣ ಒಳಗೆ ನಡೆದ. ಅಂಗಾತ ಮಲಗಿ ಹೊರಗಿನ ಒಂದೊಂದು ಏಟಿಗೂ ‘ಹ್ಞೂಂ’, ‘ಇನ್ನೊಂದು ಹಾಕು’ ಎಂದು ಗೊಣಗಿದ. ಗೊಣಗಾಟ ನಿಧಾನವಾಯಿತು. ಆಮೇಲೆ ಗೊರಕೆ.

ಆಯಾ ಬಾಗಿಲ ಪರದೆ ಸರಿಸಿ ಇಣುಕಿದಳು. ಇಬ್ಬರೂ ಹಗ್ಗದ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದರು.

‘ಚಳಿ ಇದೆ. ಹೋಗಿ ಮಲ್ಕೊಳ್ರಪ್ಪಾ.’

‘ನಾಳೆ ನಮ್ಮ ಸರದಿ, ಅತ್ತಿಗೆ. ನಮ್ಮ ಹೆಂಡ್ರು ಬರ್ತಾರೆ. ಆಗ ಅಣ್ಣ ಹೊರಗೆ ಕೂರ್ತಾನೆ.’

ಅವಳು ಮಂಚದ ಮೇಲಿದ್ದ ದಪ್ಪ ಹೊದಿಕೆ ತಂದು ಇಬ್ಬರ ಹೆಗಲ ಮೇಲೂ ಎಳೆದಳು.

‘ನಿಮ್ಮ ಹೊಟ್ಟೆ ತಣ್ಣಗಿರಲಿ’ ಎಂದಳು.

ಒಳಗೆ ಬಂದು ಮಂಚದ ಅಂಚಿನಲ್ಲಿ ಕೂತು, ‘ಸ್ವಲ್ಪ ಆ ಕಡೆ ಸರೀರಿ’ ಎಂದು ಗಂಡನ ಬೆನ್ನು ತಟ್ಟಿದಳು. ನಿದ್ದೆಗಣ್ಣಲ್ಲೇ ಅವನು ಸರಿದ.