ಹುಲ್ಲುಗಾವಲಿನಲ್ಲಿ ದೊಡ್ಡಪ್ಪನ ತಲೆ

ಬರ್ ದುಬೈಯ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ ಒಂದಿಡೀ ಗೋಡೆ ಹುಲ್ಲುಗಾವಲು. ನಾನು ಹುಟ್ಟುವ ಮೊದಲೇ ದೊಡ್ಡಪ್ಪ ಅಂಟಿಸಿದ ಪೋಸ್ಟರ್: ತೊರೆ, ಮರ, ಕೊಳಲು ಹಿಡಿದ ಕುರುಬ, ಒಂದೇ ಮುಖವನ್ನು ಹಂಚಿಕೊಂಡ ಕುರಿಮಂದೆ. ಊರಿಗೆ ಕಳಿಸುವ ಫೋಟೊಗಳೆಲ್ಲ ಅದರ ಮುಂದೆಯೇ. ಹಾಗಾಗಿ ಉಡುಪಿಯ ಅಜ್ಜಿಗೆ ದುಬೈ ಎಂದರೆ ಹುಲ್ಲು. "ಕುರಿಗಳಿಗೆ ನೀರು ಕೊಟ್ರಾ?" ಎಂದು ದಿನಾ ಫೋನಿನಲ್ಲಿ ಕೇಳುತ್ತಿದ್ದರು ಎಂದು ನಾನು ಶಾಲೆಯಲ್ಲಿ ಹೇಳುವುದುಂಟು. ಕೇಳಿದ್ದು ಒಂದೇ ಸಲ.

ದೊಡ್ಡಪ್ಪ ಸೋಫಾದಲ್ಲಿ ಕೂತು, ತಲೆಯನ್ನು ಕುರುಬನ ಕಾಲ ಬಳಿ ಒರಗಿಸಿ ನಮ್ಮೆಲ್ಲರ ಜೊತೆ ಟಿವಿ ನೋಡುತ್ತಿದ್ದರು. ಅವರು ತಲೆಗೆ ಹಚ್ಚುವ ತೆಂಗಿನೆಣ್ಣೆಯಲ್ಲಿ ಬೀದಿಗೆಲ್ಲ ಹಪ್ಪಳ ಕರಿಯಬಹುದಿತ್ತು. ಹೋದ ವರ್ಷ ತೀರಿಕೊಂಡರು. ದೇಹ ವಿಮಾನದಲ್ಲಿ ಊರಿಗೆ ಹೋಯಿತು, ಎಣ್ಣೆಯ ಗುರುತು ಪೋಸ್ಟರಿನಲ್ಲಿ ಉಳಿಯಿತು. ಎಸಿ ಗಾಳಿ ಸರಿಯಾಗಿ ಬೀಳುವುದು ಅವರು ಕೂರುತ್ತಿದ್ದ ಜಾಗಕ್ಕೆ ಮಾತ್ರ. ಆದರೂ ಯಾರೂ ಅಲ್ಲಿ ಕೂರುತ್ತಿರಲಿಲ್ಲ.

ಈ ವರ್ಷ ದುಬೈಯದೇ ಅಲ್ ಬರ್ಷಾಕ್ಕೆ ಮನೆ ಬದಲಿಸಿದೆವು. ಬಿಡುವ ಫ್ಲ್ಯಾಟಿಗೆ ಬಿಳಿ ಬಳಿದು ಕೊಡಬೇಕು. ಅಪ್ಪ ಎಲ್ಲವನ್ನೂ ಪ್ಯಾಕ್ ಮಾಡಿದರು, ಪೋಸ್ಟರನ್ನು ಮಾತ್ರ ಮುಟ್ಟಲಿಲ್ಲ.

"ಅದನ್ನು ಕೀಳುದು ಯಾವಾಗ ಮಾರಾಯ್ರೆ? ನಾಳೆ ಪೇಂಟಿನವ ಬರ್ತಾನೆ," ಎಂದರು ಅಮ್ಮ.

"ಕೀಳುವ. ಎಂತ ಅರ್ಜೆಂಟು?"

ಅಂದು ಶಾಲೆಯಲ್ಲಿ ಗ್ರೀಕರ ಕುರುಬರ ಹಾಡುಗಳ ಬಗ್ಗೆ ನನ್ನ ಪ್ರೆಸೆಂಟೇಶನ್ ಮುಗಿದಿತ್ತು. ಉಳಿದ ಜ್ಞಾನವನ್ನು ಮನೆಯಲ್ಲಿ ಸುರಿದೆ.

"ಅಪ್ಪಾ, ಆ ಗ್ರೀಕ್ ಹಾಡು ಬರೆದವರು ಕುರಿ ಕಾದವರಲ್ಲ. ಊರು ಬಿಟ್ಟು ಮರಳುಗಾಡಿನ ಪಕ್ಕದ ಪೋರ್ಟ್ ಸಿಟಿಯಲ್ಲಿ ಕೂತವರು, ನಮ್ಮ ಹಾಗೆ. ಮತ್ತೆ ರೋಮಿನವರು, ಇಂಗ್ಲಿಷಿನವರು ಎಲ್ಲ ಅದನ್ನೇ ಕಾಪಿ ಹೊಡೆದದ್ದು. ನಮ್ಮ ಪೋಸ್ಟರ್ ಸಹ ಅದೇ ಮಾಲು."

"ಕುರಿ ಸಹ ಕಾಪಿಯೇ," ಅಮ್ಮ ಅಂದರು.

"ಆ ಹಾಡಲ್ಲಿ ಕುರುಬ ಸತ್ರೆ ತೋಳಗಳೂ ಅಳ್ತವೆ. ಆಮೇಲಿನ ಪೇಂಟರ್ಸ್ ಹುಲ್ಲಿನ ಮಧ್ಯೆ ಗೋರಿಯನ್ನೇ ಇಟ್ರು. ಇಷ್ಟು ಚಂದದ ಜಾಗದಲ್ಲೂ ಸಾವು ಉಂಟು ಅಂತ."

"ನಮ್ಮದರಲ್ಲಿ ಗೋರಿ ಎಲ್ಲುಂಟು?" ಅಮ್ಮ ನಕ್ಕರು.

ಅಪ್ಪ ಎಣ್ಣೆಯ ಗುರುತನ್ನು ನೋಡಿದರು. ನನ್ನ ಮುಂದಿನ ಸ್ಲೈಡ್ ನನಗೇ ಮರೆತುಹೋಯಿತು.

ಮರುದಿನ ಅಪ್ಪನೇ ಕಿತ್ತರು. ಕುರಿಗಳು ಪಟ್ಟಿಪಟ್ಟಿಯಾಗಿ ಬಂದವು. ಎಣ್ಣೆ ಗೋಡೆಗೂ ಇಳಿದಿತ್ತು. ಪೇಂಟಿನವನು ಅದರ ಮೇಲೆ ಬಿಳಿ ಎಳೆದ. ಸಂಜೆ ಕೀಲಿ ಕೊಡಲು ಹೋದಾಗ ಗುರುತು ಬಿಳಿಯೊಳಗಿಂದ ಮತ್ತೆ ಎದ್ದಿತ್ತು, ಹಳದಿಯಾಗಿ, ದುಂಡಗೆ. ಸೋಫಾ ಇಲ್ಲದ ಹಾಲ್‌ನಲ್ಲಿ ದೊಡ್ಡಪ್ಪ ಗಾಳಿಯ ಮೇಲೆ ಕೂತು, ಟಿವಿ ಇಲ್ಲದ ಮೂಲೆಯನ್ನು ನೋಡುತ್ತಿದ್ದಂತಿತ್ತು. ಯಾವುದಕ್ಕೂ ಜೋಕ್ ಹುಡುಕುವ ನನಗೆ ಅಲ್ಲಿ ಒಂದೂ ಸಿಗಲಿಲ್ಲ.

"ತೇಲ್ ಹೈ ಸಾಬ್. ಏಕ್ ಔರ್ ಕೋಟ್ ಮಾರ್ತಾ ಹೂಂ," ಪೇಂಟಿನವನು ಎಣ್ಣೆಯ ಮೇಲೆ ಇನ್ನೊಂದು ಸಲ ಬಳಿಯಲು ಬ್ರಶ್ ಎತ್ತಿದ.

"ಬಸ್. ಖಲಾಸ್," ಸಾಕೆಂದು ಅಪ್ಪ ತಡೆದರು.

ಲಿಫ್ಟಿನಲ್ಲಿ ಇಳಿಯುವಾಗ ನಾನು ಹೇಳಿದೆ: "ಮುಂದೆ ಬರುವವರೂ ಸೋಫಾ ಅಲ್ಲೇ ಹಾಕ್ತಾರೆ ಅಪ್ಪಾ. ಎಸಿ ಗಾಳಿ ಅಲ್ಲಿಗೇ ಬೀಳುದಲ್ವಾ."

"ಹಾಕ್ಲಿ," ಎಂದರು ಅಪ್ಪ. "ಅಣ್ಣನಿಗೆ ಒಬ್ಬನೇ ಕೂತು ಟಿವಿ ನೋಡಿ ಅಭ್ಯಾಸ ಇಲ್ಲ."